ಗಾಂಜಾದ ಹೊಗೆಯೂ ಇಪ್ಪತ್ತರ ತಲೆಯೂ

ಕಾಲೇಜಿನ ವಾರ್ಷಿಕ ಸಂಚಿಕೆಗೆ ಲೇಖನ ಬರೆಯುವವನಿಗೆ ವಿಷಯಗಳ ಬರವಿಲ್ಲ. ರನ್ನ ಕವಿಯ ಜನ್ಮಭೂಮಿಯಾದ ಮುಧೋಳದ ಹಿರಿಮೆಯನ್ನು ಹೇಳಬಹುದು. ಜಮಖಂಡಿ ಸಂಸ್ಥಾನದ ಕಾಲದ ಕಟ್ಟಡಗಳನ್ನು ವರ್ಣಿಸಬಹುದು. ಚಿಕ್ಕಪಡಸಲಗಿಯಲ್ಲಿ ರೈತರೇ ಬೆವರು ಸುರಿಸಿ ಕಟ್ಟಿದ ಬ್ಯಾರೇಜಿನ ಕಥೆಯನ್ನು ಬರೆಯಬಹುದು. ಇಷ್ಟೆಲ್ಲ ಇರುವಾಗ ಗಾಂಜಾದಂಥ ವಿಷಯ ಏಕೆ ಬೇಕಾಯಿತೆಂದು ನನ್ನ ಸ್ನೇಹಿತನೊಬ್ಬನು ಕೇಳಿದನು. "ಇಂವಾನೂ ಸೇದತಾನಂತ ಮಂದಿ ತಿಳಕೊಂಡಾರು, ನೋಡಪಾ" ಎಂದು ಎಚ್ಚರಿಕೆಯನ್ನೂ ಕೊಟ್ಟನು. ಅವನ ಎಚ್ಚರಿಕೆಯಲ್ಲಿಯೇ ಈ ಲೇಖನಕ್ಕೆ ಕಾರಣವಿದೆ. ಸಭ್ಯರು ಬಾಯಿ ಬಿಡದ ಮಾತ್ರಕ್ಕೆ ಒಂದು ಸಂಗತಿ ಊರು ಬಿಟ್ಟು ಹೋಗುವುದಿಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಿಂದ ದಿನಾಲು ಬಸ್ಸು ಹತ್ತಿ ಬರುವ ನಾವು, ಕಬ್ಬಿನ ಹೊಲದ ಬದುವಿನ ಮರೆಯಲ್ಲಿಯೂ ಹಾಳು ಗೋಡೆಗಳ ಹಿಂದೆಯೂ ಏಳುವ ಹೊಗೆಯ ವಾಸನೆಯನ್ನು ಅರಿಯದವರೇನಲ್ಲ.

ನಮ್ಮಲ್ಲಿ ಗಾಂಜಾದ ಮಾತು ಎರಡು ರೀತಿಯಲ್ಲಿ ನಡೆಯುತ್ತದೆ. ಒಂದು, ಹುಡುಗರ ಗುಂಪಿನ ಪಿಸುಮಾತು: "ಗಿಡದ ಎಲಿ ಅದು, ಸಾಧುಗಳು ಸೇದತಾರ, ಅದರಿಂದ ಏನೂ ಆಗೂದಿಲ್ಲ." ಇನ್ನೊಂದು, ವೇದಿಕೆಯ ಮೇಲಿನ ಗರ್ಜನೆ: "ಒಮ್ಮೆ ಸೇದಿದರೆ ಹುಚ್ಚನಾಗುವೆ, ಬೀದಿಯ ಹೆಣವಾಗುವೆ." ಮೊದಲನೆಯದು ಅರ್ಧ ಸತ್ಯ. ಎರಡನೆಯದು ಒಳ್ಳೆಯ ಉದ್ದೇಶದ ಅತಿಶಯೋಕ್ತಿ. ಅತಿಶಯೋಕ್ತಿಯಿಂದ ಆಗುವ ಕೇಡು ಕಡಿಮೆಯದಲ್ಲ. ಒಮ್ಮೆ ಸೇದಿದ ಹುಡುಗನು ಮರುದಿನ ಹುಚ್ಚನಾಗದೆ ಎದ್ದು ಚಹ ಕುಡಿಯುತ್ತಾನೆ. ಹಿರಿಯರು ಹೇಳಿದ್ದೆಲ್ಲ ಸುಳ್ಳೆಂದು ಅಂದೇ ತೀರ್ಮಾನಿಸುತ್ತಾನೆ. ಆಮೇಲೆ ನಿಜವನ್ನು ಹೇಳಿದರೂ ಅವನು ಕಿವಿಗೊಡುವುದಿಲ್ಲ. ಆದ್ದರಿಂದ ಇದ್ದುದನ್ನು ಇದ್ದಷ್ಟೇ ಹೇಳುವುದು ಒಳಿತು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಗಾಂಜಾದ ಅಪಾಯ ಎಲ್ಲರಿಗೂ ಒಂದೇ ಸಮನಲ್ಲ, ಅದರ ದೊಡ್ಡ ಪಾಲು ನಮ್ಮ ವಯಸ್ಸಿನವರಿಗೇ ಬಂದಿದೆ. ಹಿರಿಯರ, ಸಾಧುಗಳ, ಪರದೇಶದವರ ಉದಾಹರಣೆಗಳು ನಮಗೆ ಸಲ್ಲವು.

ಗಿಡ ಒಂದೇ, ಹೆಸರು ಮೂರು. ಎಲೆಯನ್ನು ಅರೆದು ಹಾಲು ಸಕ್ಕರೆಯೊಡನೆ ಕುಡಿದರೆ ಅದು ಭಂಗಿ. ಹೆಣ್ಣು ಗಿಡದ ಹೂವಿನ ತುದಿಗಳನ್ನು ಒಣಗಿಸಿ ಸೇದಿದರೆ ಗಾಂಜಾ. ಅದೇ ಗಿಡದ ಅಂಟನ್ನು ತಿಕ್ಕಿ ತೆಗೆದರೆ ಚರಸ್ಸು. ನಮ್ಮ ಆಡುಮಾತಿನಲ್ಲಿ ಒಮ್ಮೊಮ್ಮೆ ಎಲ್ಲವನ್ನೂ ಭಂಗಿಯೆಂದೇ ಕರೆಯುತ್ತಾರಾದರೂ ಅವುಗಳ ಶಕ್ತಿ ಬೇರೆ ಬೇರೆ. ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯವರು ನಡೆಸಿದ, ೨೦೧೯ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಒಂದು ವರ್ಷದ ಅವಧಿಯಲ್ಲಿ ಸುಮಾರು ೩.೧ ಕೋಟಿ ಜನ ಈ ಗಿಡದ ಯಾವುದಾದರೊಂದು ರೂಪವನ್ನು ಬಳಸಿದ್ದರು. ಅವರಲ್ಲಿ ಸುಮಾರು ೭೨ ಲಕ್ಷ ಜನರಿಗೆ ಅದರಿಂದ ಬಿಡಿಸಿಕೊಳ್ಳಲು ನೆರವು ಬೇಕಾಗಿದೆಯೆಂದು ಅದೇ ವರದಿ ಹೇಳುತ್ತದೆ. ನೂರಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಜನ ತೊಂದರೆಗೆ ಸಿಕ್ಕರೆಂದಾಯಿತು. "ಏನೂ ಆಗೂದಿಲ್ಲ" ಎಂಬ ಮಾತಿಗೆ ಇಷ್ಟೇ ಉತ್ತರ ಸಾಕು.

ದೇವರ ಹೆಸರಿನ ಸಮರ್ಥನೆಯನ್ನು ಈಗ ನೋಡೋಣ. ಉತ್ತರ ಕರ್ನಾಟಕದ ಕೆಲವು ಅವಧೂತ, ಆರೂಢ ಪಂಥಗಳಲ್ಲಿ ಚಿಲುಮೆಗೆ ಸ್ಥಾನವುಂಟು. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಅದನ್ನು ಪ್ರಸಾದವೆಂದು ಸ್ವೀಕರಿಸುವ ಭಕ್ತರಿರುವುದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಯಾರ ಭಕ್ತಿಯನ್ನೂ ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ವರ್ಷಕ್ಕೊಮ್ಮೆ ಜಾತ್ರೆಗೆ ಹೋಗಿ ಬರುವ ಅರವತ್ತರ ಮುದುಕನೆಲ್ಲಿ, ದಿನವೂ ಸಾಯಂಕಾಲ ಬಸ್ಸು ತಪ್ಪಿಸಿಕೊಂಡು ಬದುವಿಗೆ ಹೋಗುವ ಹತ್ತೊಂಬತ್ತರ ಹುಡುಗನೆಲ್ಲಿ! ಮುದುಕನ ಮುಂದೆ ದೇವರಿದ್ದಾನೆ. ಹುಡುಗನ ಮುಂದೆ ಪರೀಕ್ಷೆಯಿದೆ. ಸಾಧುವಿನ ಚಿಲುಮೆಯನ್ನು ಅನುಕರಿಸುವವರು ಅವನ ಉಪವಾಸವನ್ನೂ ಬ್ರಹ್ಮಚರ್ಯವನ್ನೂ ಅನುಕರಿಸಿದ್ದನ್ನು ನಾನಂತೂ ಕಂಡಿಲ್ಲ.

ಓದಿಕೊಂಡ ಸಮರ್ಥಕರು ಬೇರೊಂದು ಆಧಾರ ಕೊಡುತ್ತಾರೆ. ೧೮೯೩ರಲ್ಲಿ ಬ್ರಿಟಿಷ್ ಸರಕಾರವು ಭಾರತದ ಗಾಂಜಾ ಬಳಕೆಯ ವಿಚಾರಣೆಗಾಗಿ ಒಂದು ಆಯೋಗವನ್ನು ನೇಮಿಸಿತು. ಅದು ಸಾವಿರಕ್ಕೂ ಹೆಚ್ಚು ಸಾಕ್ಷಿದಾರರನ್ನು ವಿಚಾರಿಸಿ, ಮರುವರ್ಷ ವರದಿ ಒಪ್ಪಿಸಿತು. ಮಿತವಾದ ಬಳಕೆಯಿಂದ ಹೇಳುವಂಥ ಹಾನಿಯಿಲ್ಲ, ಅತಿಯಾದರೆ ಹಾನಿಯುಂಟು ಎಂಬುದು ಅದರ ಸಾರ. ಆ ಕಾಲದ ಹುಚ್ಚಾಸ್ಪತ್ರೆಗಳ ದಾಖಲೆಗಳನ್ನು ತಿರುವಿ ನೋಡಿ, 'ಗಾಂಜಾದಿಂದ ಬಂದ ಹುಚ್ಚು' ಎಂದು ಬರೆದ ಅನೇಕ ಪ್ರಕರಣಗಳಿಗೆ ಆಧಾರವೇ ಇಲ್ಲವೆಂದೂ ಅದು ಕಂಡುಕೊಂಡಿತು. ಇದು ಪ್ರಾಮಾಣಿಕವಾದ ಕೆಲಸವೇ ಸರಿ. ಆದರೆ ಗಾಂಜಾದಲ್ಲಿ ನಶೆಯನ್ನುಂಟುಮಾಡುವ ದ್ರವ್ಯ ಯಾವುದೆಂಬುದೇ ಅಂದು ಯಾರಿಗೂ ಗೊತ್ತಿರಲಿಲ್ಲ. ಟಿಎಚ್‌ಸಿ ಎಂಬ ಆ ದ್ರವ್ಯವನ್ನು ಇಸ್ರೇಲಿನ ರಾಫೆಲ್ ಮೆಶೂಲಂ ಮತ್ತು ಗಾವೋನಿ ಎಂಬ ವಿಜ್ಞಾನಿಗಳು ಬೇರ್ಪಡಿಸಿದ್ದು ೧೯೬೪ರಲ್ಲಿ. ಅದು ಮಿದುಳಿನಲ್ಲಿ ಎಲ್ಲಿ ಹೋಗಿ ಅಂಟಿಕೊಳ್ಳುತ್ತದೆಂಬುದು ತಿಳಿದದ್ದು ೧೯೮೮ರಲ್ಲಿ. ನೂರಾಮೂವತ್ತು ವರ್ಷಗಳ ಹಿಂದಿನ ವರದಿಯನ್ನು ಹಿಡಿದು ಇಂದು ವಾದಿಸುವುದು, ಎಕ್ಸರೇ ತೆಗೆಯುವುದಕ್ಕಿಂತ ಮೊದಲಿನ ವೈದ್ಯನ ಮಾತನ್ನು ನಂಬಿ ಮುರಿದ ಕಾಲಿನಿಂದ ನಡೆದಂತೆ.

ಈ ದ್ರವ್ಯ ಮಾಡುವ ಕೆಲಸವನ್ನು ತಿಳಿಯುವುದು ಕಷ್ಟವಲ್ಲ. ನಮ್ಮ ಮಿದುಳು ತನ್ನಷ್ಟಕ್ಕೆ ತಾನೇ ಗಾಂಜಾದಂಥ ಒಂದು ರಸವನ್ನು ಹನಿಹನಿಯಾಗಿ ತಯಾರಿಸಿಕೊಳ್ಳುತ್ತದೆ. ೧೯೯೨ರಲ್ಲಿ ಅದನ್ನು ಕಂಡುಹಿಡಿದವರು ಸಂಸ್ಕೃತದ 'ಆನಂದ' ಶಬ್ದವನ್ನೇ ತೆಗೆದುಕೊಂಡು 'ಆನಂದಮೈಡ್' ಎಂದು ಹೆಸರಿಟ್ಟರು. ಹಸಿವು, ನಿದ್ರೆ, ನೆನಪು, ಭಯ ಇವುಗಳನ್ನು ಹದದಲ್ಲಿಡುವುದು ಅದರ ಕೆಲಸ. ಗಾಂಜಾ ಸೇದಿದಾಗ ಹನಿಯ ಬದಲು ಕೊಡಗಟ್ಟಲೆ ಸುರಿದಂತಾಗುತ್ತದೆ. ಕಬ್ಬಿಗೆ ನೀರು ಬೇಕು ನಿಜ. ಆದರೆ ಹಗಲಿರುಳು ಕಾಲುವೆಯ ನೀರು ಬಿಟ್ಟು ಸವಳು ಬಿದ್ದ ಹೊಲಗಳನ್ನು ನಮ್ಮ ಸೀಮೆಯವರಿಗೆ ಬೇರೆ ತೋರಿಸಬೇಕಾಗಿಲ್ಲ. ಈ ದ್ರವ್ಯ ಅಂಟುವ ಜಾಗಗಳು ಮಿದುಳಿನಲ್ಲಿ ಎಲ್ಲಕ್ಕಿಂತ ದಟ್ಟವಾಗಿರುವುದು ನೆನಪನ್ನು ಕಟ್ಟಿಕೊಡುವ ಭಾಗದಲ್ಲಿ, ಮತ್ತು ಮೈಯ ತೋಲನವನ್ನು ಕಾಯುವ ಭಾಗದಲ್ಲಿ. ಉಸಿರಾಟವನ್ನು ನಡೆಸುವ ಭಾಗದಲ್ಲಿ ಅವು ತೀರ ಕಡಿಮೆ. ಆದ್ದರಿಂದಲೇ ಗಾಂಜಾ ಅಫೀಮಿನಂತೆ ಉಸಿರು ನಿಲ್ಲಿಸಿ ಕೊಲ್ಲುವುದಿಲ್ಲ. ಇದನ್ನು ಒಪ್ಪಿಕೊಳ್ಳೋಣ. ಆದರೆ ವಿದ್ಯಾರ್ಥಿಗೆ ಉಸಿರಿನ ನಂತರ ಬೇಕಾದುದು ನೆನಪೇ ಅಲ್ಲವೆ?

ಇನ್ನು ವಯಸ್ಸಿನ ಮಾತು. ಎತ್ತರ ಬೆಳೆಯುವುದು ನಿಂತ ಮೇಲೂ ಮಿದುಳಿನ ಬೆಳವಣಿಗೆ ನಿಲ್ಲುವುದಿಲ್ಲ. ವಿವೇಚನೆ, ಸಂಯಮ, ಮುಂದಾಲೋಚನೆಗಳ ಭಾಗವು ಸುಮಾರು ಇಪ್ಪತ್ತೈದನೆಯ ವಯಸ್ಸಿನವರೆಗೆ ಮಾಗುತ್ತಲೇ ಇರುತ್ತದೆ. ನಮ್ಮ ಓಣಿಯವರು ಮಗ್ಗದ ಭಾಷೆಯಲ್ಲಿ ಹೇಳುವುದಾದರೆ, ಹಾಸು ಇನ್ನೂ ಹೂಡುತ್ತಿರುವ ಕಾಲವಿದು. ನೇಯ್ದು ಮುಗಿದ ಸೀರೆಗೆ ಕಲೆ ಬಿದ್ದರೆ ತೊಳೆಯಬಹುದು. ಹಾಸಿನಲ್ಲಿಯೇ ಎಳೆ ತಪ್ಪಿದರೆ ಆ ತಪ್ಪು ಸೀರೆಯುದ್ದಕ್ಕೂ ಬರುತ್ತದೆ. ಗಾಂಜಾ ಬಳಸಿದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬನು ಅದಕ್ಕೆ ದಾಸನಾಗುತ್ತಾನೆಂದು ಸಂಶೋಧಕರು ಅಂದಾಜು ಮಾಡಿದ್ದಾರೆ. ಎಳೆಯ ಹರೆಯದಲ್ಲಿ ಆರಂಭಿಸಿದವರಲ್ಲಿ ಅದು ಸುಮಾರು ಆರರಲ್ಲಿ ಒಬ್ಬನಾಗುತ್ತದೆ. "ಇದು ಚಟ ಆಗೂದಿಲ್ಲ, ಬೇಕಂದಾಗ ಬಿಡಬಹುದು" ಎನ್ನುವವರು ಬಿಟ್ಟು ನೋಡಲಿ. ದಿನನಿತ್ಯ ಸೇದುವವನು ಬಿಟ್ಟ ಒಂದೆರಡು ದಿನಗಳಲ್ಲಿ ನಿದ್ರೆ ಹೋಗುತ್ತದೆ, ಅನ್ನ ಸೇರುವುದಿಲ್ಲ, ಅವ್ವ ಮಾತನಾಡಿಸಿದರೂ ಸಿಟ್ಟು ಬರುತ್ತದೆ. ಮೊದಲ ವಾರ ಇದು ಹೆಚ್ಚು. ಎರಡು ಮೂರು ವಾರಗಳಲ್ಲಿ ಇಳಿಯುತ್ತದೆ. ಇಳಿಯುತ್ತದೆಂಬುದನ್ನು ತಿಳಿಯದವನು ಮೂರನೆಯ ದಿನವೇ ಮತ್ತೆ ಬದುವಿಗೆ ಹೋಗುತ್ತಾನೆ.

ಎಲ್ಲಕ್ಕಿಂತ ಗಂಭೀರವಾದುದು ಮನಸ್ಸಿನ ಬೇನೆ. ಸ್ವೀಡನ್ ದೇಶದಲ್ಲಿ ಸೈನ್ಯಕ್ಕೆ ಕರೆ ಬಂದ ೪೫,೦೦೦ಕ್ಕೂ ಹೆಚ್ಚು ತರುಣರನ್ನು ಹದಿನೈದು ವರ್ಷ ಗಮನಿಸಿ ೧೯೮೭ರಲ್ಲಿ ಒಂದು ವರದಿ ಪ್ರಕಟಿಸಿದರು. ಸೈನ್ಯಕ್ಕೆ ಸೇರುವ ಹೊತ್ತಿಗೆ ಐವತ್ತಕ್ಕಿಂತ ಹೆಚ್ಚು ಸಲ ಗಾಂಜಾ ಸೇದಿದವರಲ್ಲಿ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗವು ಸೇದದವರಿಗಿಂತ ಆರು ಪಟ್ಟು ಕಂಡುಬಂದಿತ್ತು. ನ್ಯೂಜಿಲೆಂಡಿನ ಡ್ಯುನೆಡಿನ್ ಪಟ್ಟಣದ ಮಕ್ಕಳನ್ನು ಹುಟ್ಟಿನಿಂದ ಗಮನಿಸುತ್ತ ಬಂದವರು ೨೦೦೨ರಲ್ಲಿ ಹೇಳಿದ್ದಿಷ್ಟು: ಹದಿನೈದರೊಳಗೆ ಗಾಂಜಾ ಆರಂಭಿಸಿದವರಲ್ಲಿ ನೂರಕ್ಕೆ ಹತ್ತರಷ್ಟು ಜನರಿಗೆ ಇಪ್ಪತ್ತಾರರ ಹೊತ್ತಿಗೆ ಅಂಥ ಬೇನೆಯ ಲಕ್ಷಣಗಳಿದ್ದವು, ಉಳಿದವರಲ್ಲಿ ನೂರಕ್ಕೆ ಮೂರು. ೨೦೧೯ರಲ್ಲಿ ಯುರೋಪು ಮತ್ತು ಬ್ರೆಜಿಲಿನ ಹನ್ನೊಂದು ಕಡೆಗಳ ಅಧ್ಯಯನವು, ತೀವ್ರವಾದ ಗಾಂಜಾವನ್ನು ದಿನವೂ ಬಳಸುವವರಲ್ಲಿ ಈ ಅಪಾಯ ಸುಮಾರು ಐದು ಪಟ್ಟೆಂದು ಕಂಡುಕೊಂಡಿತು. ಗಾಂಜಾವೇ ಇದಕ್ಕೆಲ್ಲ ಕಾರಣವೋ, ಮೊದಲೇ ಮನಸ್ಸು ಕದಡಿದವರು ಗಾಂಜಾದ ಕಡೆ ವಾಲುತ್ತಾರೋ ಎಂಬ ಚರ್ಚೆ ಪಂಡಿತರಲ್ಲಿ ಇನ್ನೂ ಇದೆ. ಸೇದುವ ಬಹುಜನಕ್ಕೆ ಈ ರೋಗ ಬರುವುದಿಲ್ಲವೆಂಬುದೂ ನಿಜ. ಆದರೆ ಬೇಗ ಆರಂಭಿಸಿದಷ್ಟೂ, ಹೆಚ್ಚು ಸೇದಿದಷ್ಟೂ, ಸರಕು ತೀವ್ರವಾದಷ್ಟೂ ಅಪಾಯ ಏರುತ್ತದೆಂಬುದನ್ನು ಈ ಅಧ್ಯಯನಗಳು ಒಂದೇ ದನಿಯಲ್ಲಿ ಹೇಳುತ್ತವೆ. ಸರಕೂ ತೀವ್ರವಾಗುತ್ತಿದೆ. ಅಮೆರಿಕದಲ್ಲಿ ಪೊಲೀಸರು ಹಿಡಿದ ಗಾಂಜಾದಲ್ಲಿ ೧೯೯೫ರಲ್ಲಿ ನೂರಕ್ಕೆ ೪ರಷ್ಟಿದ್ದ ಟಿಎಚ್‌ಸಿ ೨೦೧೪ಕ್ಕೆ ಸುಮಾರು ೧೨ಕ್ಕೇರಿತ್ತು. ನಮ್ಮ ಕಡೆ ಪುಡಿಕೆ ಕಟ್ಟಿ ಮಾರುವವನು ಯಾವ ಲೆಕ್ಕವನ್ನೂ ಬರೆದು ಕೊಡುವುದಿಲ್ಲ. ಮನೆತನದಲ್ಲಿ ಯಾರಿಗಾದರೂ ಇಂಥ ಬೇನೆ ಇದ್ದರೆ ಅಪಾಯ ಇನ್ನೂ ಹೆಚ್ಚು; ಆದರೆ ನಮ್ಮ ಮನೆಗಳಲ್ಲಿ ಅದನ್ನು ಮುಚ್ಚಿಡುವುದರಿಂದ ತನ್ನ ರಕ್ತದಲ್ಲಿ ಏನಿದೆಯೆಂದು ಹುಡುಗನಿಗೇ ಗೊತ್ತಿರುವುದಿಲ್ಲ.

ಈ ಅಂಕಿಗಳು ದೂರ ದೇಶದವು. ಹತ್ತಿರದ ಒಂದನ್ನು ಹೇಳುತ್ತೇನೆ, ಹೆಸರು ಬೇಡ. ನೇಕಾರರ ಓಣಿಯಲ್ಲಿ ನನಗಿಂತ ಎರಡು ವರ್ಷ ಹಿರಿಯನಾದ ಒಬ್ಬನಿದ್ದಾನೆ. ಹಳಗನ್ನಡ ಪದ್ಯಗಳನ್ನು ಒಮ್ಮೆ ಕೇಳಿದರೆ ಬಾಯಿಪಾಠ ಮಾಡುವವನು. ಹುಡುಗರೆಲ್ಲ ಅವನನ್ನು ಅಣ್ಣಾ ಎಂದು ಕರೆದು ಪಾಠ ಹೇಳಿಸಿಕೊಳ್ಳುತ್ತಿದ್ದೆವು. ಎರಡು ವರ್ಷ ದಿನವೂ ಗಾಂಜಾ ಸೇದಿದನು. ಆಮೇಲೆ ಒಂದು ಬೇಸಗೆಯಲ್ಲಿ, ಮಗ್ಗದ ಸಪ್ಪಳದೊಳಗೆ ಯಾರೋ ತನ್ನ ಹೆಸರು ಹಿಡಿದು ಬಯ್ಯುತ್ತಾರೆಂದು ಹೇಳತೊಡಗಿದನು. ನೂರಾರು ಮಗ್ಗಗಳಿರುವ ಓಣಿಯಲ್ಲಿ ಸಪ್ಪಳಕ್ಕೆ ಬಿಡುವೆಲ್ಲಿ? ಕಿವಿಯಲ್ಲಿ ಅರಳೆ ತುರುಕಿಕೊಂಡು ಮೂಲೆಯಲ್ಲಿ ಕೂಡುತ್ತಿದ್ದನು. ಮನೆಯವರು "ಗಾಳಿ ಬಡಿದೈತಿ" ಎಂದರು. ಎಂಟು ತಿಂಗಳು ಅವನನ್ನು ಗುಡಿಯಿಂದ ಗುಡಿಗೆ ಕರೆದುಕೊಂಡು ಹೋದರು; ಚೀಟಿ ಕಟ್ಟಿಸಿದರು; ಎರಡು ತೊಲಿ ಬಂಗಾರ ಮಾರಿದರು. ಹೊರಗೆ ತಿಳಿದರೆ ತಂಗಿಯ ಲಗ್ನಕ್ಕೆ ಅಡ್ಡಿಯಾದೀತೆಂಬ ಹೆದರಿಕೆ ಬೇರೆ. ಕೊನೆಗೆ ಒಬ್ಬ ಗುರುಗಳ ಮಾತು ಕೇಳಿ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆಗೆ ಒಯ್ದರು. ಗುಳಿಗೆಗಳು ನಾಟಿದವು, ಗಾಂಜಾ ಮುಟ್ಟಿದರೆ ಬೇನೆ ಮರಳುವುದೆಂದು ವೈದ್ಯರು ಸ್ಪಷ್ಟವಾಗಿ ಹೇಳಿದರು. ಈಗ ಅವನು ಮಗ್ಗದ ಮುಂದೆ ನಿಂತು ದುಡಿಯುತ್ತಾನೆ. ಪದವಿ ಮುಗಿಯಲಿಲ್ಲ. ಅವನ ಬೇನೆಗೆ ಗಾಂಜಾ ಒಂದೇ ಕಾರಣವೆಂದು ನಾನು ಹೇಳಲಾರೆ; ವೈದ್ಯರೂ ಹಾಗೆ ಹೇಳಲಿಲ್ಲ. ಆದರೆ ಆ ಎಂಟು ತಿಂಗಳುಗಳನ್ನು ನೆನೆದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಇಂಥ ಬೇನೆಗೆ ಚಿಕಿತ್ಸೆ ತಡವಾದಷ್ಟೂ ಗುಣವಾಗುವುದು ಕಷ್ಟ. ದೇವರಿಗೆ ಹರಕೆ ಹೊರುವವರು ಹೊರಲಿ; ಬಸ್ಸನ್ನು ಮಾತ್ರ ಮೊದಲು ಆಸ್ಪತ್ರೆಯ ಕಡೆಗೆ ಹತ್ತಲಿ.

ಉಳಿದ ಶರೀರದ ಹಾನಿಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಹೊಗೆ ಯಾವ ಎಲೆಯದಾದರೂ ಹೊಗೆಯೇ. ದಿನವೂ ಸೇದುವವನಿಗೆ ಕೆಮ್ಮು, ಕಫ, ಎದೆ ಕಟ್ಟುವಿಕೆ ತಪ್ಪಿದ್ದಲ್ಲ. ತಂಬಾಕಿನೊಡನೆ ಬೆರೆಸಿದರೆ ಒಂದರ ಜೊತೆ ಇನ್ನೊಂದು ಚಟ ಪುಕ್ಕಟೆ. ಸೇದಿದ ಕೂಡಲೇ ಎದೆಬಡಿತ ನಿಮಿಷಕ್ಕೆ ಇಪ್ಪತ್ತರಿಂದ ಐವತ್ತರಷ್ಟು ಏರುವುದುಂಟು. ಹೃದಯದ ದೋಷವಿದ್ದವರಿಗೆ ಇದು ಅಪಾಯ. ಬಹುಕಾಲ ಸೇದಿದ ಕೆಲವರಿಗೆ ಬಿಟ್ಟುಬಿಟ್ಟು ಬರುವ ವಾಂತಿಯ ರೋಗವೊಂದು ಅಂಟಿಕೊಳ್ಳುತ್ತದೆ. ಬಿಸಿನೀರು ಮೈಮೇಲೆ ಹಾಕಿಕೊಂಡರೆ ಮಾತ್ರ ಅದು ಶಮನವಾಗುವುದೆಂಬುದನ್ನು ೨೦೦೪ರಲ್ಲಿ ಆಸ್ಟ್ರೇಲಿಯದ ವೈದ್ಯರು ಮೊದಲು ವರ್ಣಿಸಿದರು. ನಮ್ಮಲ್ಲಿ ಅದನ್ನು ಪಿತ್ತವೆಂದು ತಿಳಿದು ಲಿಂಬೆಯ ಶರಬತ್ತು ಕುಡಿಸುವವರೇ ಹೆಚ್ಚಿರಬೇಕು. ನಶೆಯಲ್ಲಿ ವಾಹನ ನಡೆಸುವವನಿಗೆ ಅಪಘಾತದ ಸಂಭವವೂ ಹೆಚ್ಚು. ದೂರದ ಅಳತೆ, ಕಾಲದ ಅಳತೆ ಎರಡೂ ತಪ್ಪುತ್ತವೆ. ಕಾರಖಾನೆಗಳ ಹಂಗಾಮಿನಲ್ಲಿ ದೀಪವಿಲ್ಲದ ಎರಡೆರಡು ಟ್ರೇಲರುಗಳಿಗೆ ಕಬ್ಬು ಹೇರಿಕೊಂಡು ಟ್ರ್ಯಾಕ್ಟರುಗಳು ಸಾಲುಗಟ್ಟುವ ಮುಧೋಳ–ಜಮಖಂಡಿ ರಸ್ತೆಯಲ್ಲಿ, ರಾತ್ರಿ ಮೋಟಾರು ಸೈಕಲ್ಲಿನ ಮೇಲೆ ಅಂಥ ತಲೆ ಹೊತ್ತು ಬರುವವನ ಗತಿಯನ್ನು ನಾನು ವಿವರಿಸಬೇಕಾಗಿಲ್ಲ.

"ಶೆರೆ ಇದಕ್ಕಿಂತ ಕೆಟ್ಟದ್ದಲ್ಲವೆ?" ಎಂದು ಕೇಳುವವರುಂಟು. ಅನೇಕ ರೀತಿಯಲ್ಲಿ ಕೆಟ್ಟದ್ದೇ. ಆದರೆ ಹಾವಿಗಿಂತ ಚೇಳು ಲೇಸೆಂದು ಚೇಳನ್ನು ಕಿಸೆಯಲ್ಲಿಟ್ಟುಕೊಳ್ಳುವವರಿಲ್ಲ. "ಪರದೇಶಗಳಲ್ಲಿ ಕಾಯಿದೆಯೇ ಒಪ್ಪಿದೆ" ಎಂಬುದು ಇನ್ನೊಂದು ವಾದ. ಉರುಗ್ವೆ ೨೦೧೩ರಲ್ಲಿಯೂ ಕೆನಡಾ ೨೦೧೮ರಲ್ಲಿಯೂ ಒಪ್ಪಿದ್ದು ನಿಜ. ಆದರೆ ಅಲ್ಲಿಯೂ ವಯಸ್ಸಿನ ಕಟ್ಟಳೆ ಇದೆ. ಕೆನಡಾದ ಕ್ವಿಬೆಕ್ ಪ್ರಾಂತವಂತೂ ೨೦೨೦ರಲ್ಲಿ ಆ ವಯಸ್ಸನ್ನು ಹದಿನೆಂಟರಿಂದ ಇಪ್ಪತ್ತೊಂದಕ್ಕೆ ಏರಿಸಿತು. ಗಾಂಜಾ ಮಾರುವ ದೇಶವೇ "ಎಳೆಯರಿಗೆ ಬೇಡ" ಎನ್ನುತ್ತಿರುವಾಗ ನಾವು ಅದರ ಹೆಸರು ಹೇಳಿ ಸೇದುವುದೆಂಥ ನ್ಯಾಯ? ಗಿಡದಿಂದ ಔಷಧ ತಯಾರಾಗಿದೆಯೆಂಬುದೂ ನಿಜ. ಮಕ್ಕಳ ಕೆಲವು ಅಪರೂಪದ ಮೂರ್ಛೆರೋಗಗಳಿಗೆ ೨೦೧೮ರಲ್ಲಿ ಅಮೆರಿಕದ ಸರಕಾರ ಒಂದನ್ನು ಒಪ್ಪಿತು. ಆದರೆ ಅದು ನಶೆ ಬರಿಸದ ಬೇರೆ ದ್ರವ್ಯ, ವೈದ್ಯನು ಅಳೆದು ಕೊಡುವಂಥದು. ಚಿಲುಮೆಗೂ ಅದಕ್ಕೂ ಸಂಬಂಧವಿಲ್ಲ.

ನಮ್ಮ ದೇಶದ ಕಾಯಿದೆಯನ್ನೂ ಮರೆಯಬಾರದು. ೧೯೮೫ರ ಎನ್‌ಡಿಪಿಎಸ್ ಕಾಯಿದೆಯಂತೆ ಒಂದು ಕಿಲೋದೊಳಗಿನ ಗಾಂಜಾ ಇಟ್ಟುಕೊಂಡರೂ ಒಂದು ವರ್ಷದವರೆಗೆ ಸಜೆ, ಇಲ್ಲವೆ ಹತ್ತು ಸಾವಿರದವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ಗಿಡ ಬೆಳೆದರೆ ಹತ್ತು ವರ್ಷದವರೆಗೆ ಸಜೆಯುಂಟು. ಕಬ್ಬಿನ ನಡುವೆ ನಾಲ್ಕು ಗಿಡ ನೆಟ್ಟರೆ ಯಾರಿಗೂ ಕಾಣದೆಂದು ಮಗನು ತಿಳಿಯುತ್ತಾನೆ. ಪೊಲೀಸರು ಬಂದಾಗ ಹೊಲದ ಉತಾರ ಇರುವುದು ಅಪ್ಪನ ಹೆಸರಿನಲ್ಲಿ. ಪೊಲೀಸು, ಕಂದಾಯ, ಶಿಕ್ಷಣ ಇಲಾಖೆಗಳ ಪರೀಕ್ಷೆಗೆ ರಾತ್ರಿ ಹಗಲು ಓದುವ ನಮ್ಮಂಥವರಿಗೆ ನಡತೆಯ ಪರಿಶೀಲನೆಯಲ್ಲಿ ಒಂದು ಕಪ್ಪು ಗೆರೆ ಬಿದ್ದರೆ ಸಾಕು. ಆದರೆ ಇದೇ ಕಾಯಿದೆಯಲ್ಲಿ ಒಂದು ಕರುಣೆಯ ಕಲಮೂ ಇದೆ. ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿಯು ತಾನಾಗಿಯೇ ಸರಕಾರ ಒಪ್ಪಿದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಮುಂದಾದರೆ ಅವನಿಗೆ ಮೊಕದ್ದಮೆಯಿಂದ ರಕ್ಷಣೆ ದೊರೆಯಬಹುದು. ಕಾಯಿದೆಯೇ ರೋಗಿಯನ್ನು ರೋಗಿಯೆಂದು ಕಾಣಬಲ್ಲುದಾದರೆ ಕಾಲೇಜುಗಳೇಕೆ ಕಾಣಬಾರದು?

ಇಲ್ಲಿಯೇ ನನ್ನ ಬಿನ್ನಹವಿದೆ. ಪ್ರತಿ ಜೂನ್ ೨೬ರಂದು ಮಾದಕವಸ್ತು ವಿರೋಧಿ ದಿನವೆಂದು ಮೆರವಣಿಗೆ ತೆಗೆದು, ಪ್ರತಿಜ್ಞೆ ಮಾಡಿ, ಮನೆಗೆ ಹೋಗುವುದರಿಂದ ಒಬ್ಬನೂ ಬಿಟ್ಟಿಲ್ಲ. ಅದರ ಬದಲು ವರ್ಷಕ್ಕೊಮ್ಮೆ ತಾಲೂಕು ಆಸ್ಪತ್ರೆಯ ವೈದ್ಯರನ್ನು ಕರೆಸಿ, ಹೆಸರಿಲ್ಲದ ಚೀಟಿಗಳಲ್ಲಿ ಹುಡುಗರು ಬರೆದು ಹಾಕಿದ ಪ್ರಶ್ನೆಗಳಿಗೆ ಸರಳ ಕನ್ನಡದಲ್ಲಿ ಉತ್ತರ ಹೇಳಿಸಬೇಕು. ಮೊದಲ ಸಲ ಸಿಕ್ಕವನ ಹೆಸರನ್ನು ಕೂಗಿ ಹೇಳದೆ, ಒಬ್ಬ ಗುರುಗಳು ಅವನನ್ನು ಒಳಗೆ ಕರೆದು ಕೂಡಿಸಿ ಮಾತನಾಡಬೇಕು. ಕಾಲೇಜಿನಿಂದ ಹೊರಗೆ ಹಾಕಿದರೆ ಅವನು ನೇರವಾಗಿ ಹೋಗುವುದು ಬದುವಿಗೇ. ಮಾರುವವನ ಮೇಲೆ ಮಾತ್ರ ದಯೆ ಬೇಡ.

ಸ್ನೇಹಿತರಾದ ನಮ್ಮ ಕರ್ತವ್ಯವೂ ಇದೆ. ಜೊತೆಗಾರನು ನಿದ್ದೆಗೆಟ್ಟು ಅಲೆಯುವುದು, ಒಬ್ಬನೇ ಮಾತನಾಡುವುದು, ಎಲ್ಲರ ಮೇಲೂ ಸಂಶಯಪಡುವುದು, ಸ್ನಾನ ಊಟ ಬಿಡುವುದು ಕಂಡರೆ ನಗಬಾರದು. ಅವನ ಅಪ್ಪನಿಗೋ ಅಣ್ಣನಿಗೋ ತಿಳಿಸಿ ವೈದ್ಯರಲ್ಲಿಗೆ ಕರೆದುಕೊಂಡು ಹೋಗಬೇಕು. ಗಾಂಜಾದ ಚಟ ಬಿಡಿಸಲು ವಿಶೇಷ ಗುಳಿಗೆ ಇನ್ನೂ ಇಲ್ಲ. ಪಳಗಿದವರ ಮಾತಿನ ಚಿಕಿತ್ಸೆಯೇ ಮುಖ್ಯ ಉಪಾಯ. ದೂರವಾಣಿಯಲ್ಲಿ ೧೪೪೧೬ಕ್ಕೆ ಕರೆ ಮಾಡಿದರೆ ಸರಕಾರದ ಟೆಲಿ-ಮಾನಸ್ ಸೇವೆಯಲ್ಲಿ ಕನ್ನಡದಲ್ಲಿಯೇ ಸಲಹೆ ಸಿಗುತ್ತದೆ; ವ್ಯಸನಮುಕ್ತಿಗೆಂದೇ ಇರುವುದು ೧೪೪೪೬. ಎರಡಕ್ಕೂ ದುಡ್ಡು ಬೇಕಿಲ್ಲ.

ಮಿತ್ರರೆ, ನಮ್ಮಲ್ಲಿ ಬಹುಜನ ಮನೆತನದಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರು. ನನ್ನ ಅಪ್ಪ ಸೀರೆಗಿಷ್ಟೆಂದು ಕೂಲಿಗೆ ನೇಯುತ್ತಾನೆ. ಅವ್ವ ಕಂಡಿಕೆ ಸುತ್ತಿ ಕೂಡಿಸಿದ ಹಣ ನನ್ನ ಫೀಯಾಗಿದೆ. ಸಿರಿವಂತರ ಮಗನಿಗೆ ಎರಡು ವರ್ಷ ವ್ಯರ್ಥವಾದರೆ ಅವನಿಗೆ ಅಂಗಡಿಯುಂಟು, ಹೊಲವುಂಟು. ನಮಗಿರುವುದು ಈ ತಲೆಯೊಂದೇ. ಓದಿದ್ದು ಅದರಲ್ಲಿ ಉಳಿದರೆ ಮನೆ ಏಳುತ್ತದೆ, ಉಳಿಯದಿದ್ದರೆ ಅಪ್ಪನ ಮಗ್ಗವೇ ಮಗನಿಗೂ ಗತಿ. ಮಗ್ಗ ಕೀಳೆಂದು ನಾನು ಹೇಳುತ್ತಿಲ್ಲ. ಮಗ್ಗಕ್ಕೆ ಹೋಗುವವನು ತಾನೇ ಆರಿಸಿಕೊಂಡು ಹೋಗಲಿ, ಬೇರೆ ದಾರಿ ಮುಚ್ಚಿಹೋಯಿತೆಂದು ಹೋಗದಿರಲಿ. ಆದ್ದರಿಂದ ಯಾರಾದರೂ ಚಿಲುಮೆಯನ್ನು ಮುಂದೆ ಚಾಚಿದ ದಿನ ದೊಡ್ಡ ಉಪದೇಶ ಮಾಡುವುದು ಬೇಡ, ಜಗಳವೂ ಬೇಡ. "ನನಗ ಬ್ಯಾಡಪಾ" ಎಂಬ ಎರಡು ಮಾತು ಸಾಕು; ಹಾಗೆ ಎದ್ದು ಬರುವಾಗ ಪಕ್ಕದಲ್ಲಿರುವ ಗೆಳೆಯನನ್ನೂ ಕೈಹಿಡಿದು ಎಬ್ಬಿಸಿಕೊಂಡು ಬಂದರೆ ಇನ್ನೂ ಒಳಿತು.